ಪೆ-2: ಬಿಳಿ ಬಣ್ಣ ಎಲ್ಲಿ ಸವೆಯಬೇಕು?

ಮಾದರಿ ವಿಮಾನ ಕಟ್ಟುವವರು ವೆದರಿಂಗ್ ಎಂದು ಕರೆಯುವ ಕೆಲಸದಲ್ಲಿ, ಅಂದರೆ ಹೊಸ ಪ್ಲಾಸ್ಟಿಕ್ಕಿನ ಮೇಲೆ ಬಿಸಿಲು, ಹಿಮ, ಎಣ್ಣೆ, ಹೊಗೆ ಮತ್ತು ಕೆಸರಿನ ಗುರುತುಗಳನ್ನು ಮೂಡಿಸುವ ಕೆಲಸದಲ್ಲಿ, ಕೈಚಳಕಕ್ಕಿಂತ ಮೊದಲು ಬೇಕಾದದ್ದು ಆ ವಿಮಾನದ ದಿನಚರಿಯ ತಿಳಿವಳಿಕೆ ಎಂಬುದು ನನ್ನ ಅಭಿಪ್ರಾಯ. ಯಾರು ಎಲ್ಲಿಂದ ಒಳಗೆ ಹತ್ತುತ್ತಿದ್ದರು, ಯಾವ ತಗಡನ್ನು ಪ್ರತಿದಿನ ಬಿಚ್ಚುತ್ತಿದ್ದರು, ಯಾವ ಭಾಗವನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ ಎಂಬುದು ಗೊತ್ತಿದ್ದರೆ ಬಣ್ಣ ಎಲ್ಲಿ ಸವೆಯಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಗೊತ್ತಿಲ್ಲದಿದ್ದರೆ ಸ್ಪಂಜಿನ ತುಂಡನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ ಎಲ್ಲೆಡೆ ಒತ್ತುತ್ತೇವೆ, ಮತ್ತು ಆಗ ರಷ್ಯಾದ ಬಾಂಬರ್‌ಗೂ ಪೆಸಿಫಿಕ್ ದ್ವೀಪದಲ್ಲಿದ್ದ ಜಪಾನಿ ಫೈಟರ್‌ಗೂ ಒಂದೇ ಚರ್ಮರೋಗ ಬಂದಂತೆ ಕಾಣುತ್ತದೆ. ಈಚೆಗೆ ಮುಗಿಸಿದ ಪೆಟ್ಲ್ಯಾಕೋವ್ ಪೆ-2 ಮಾದರಿಯನ್ನು ನೆಪವಾಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪೆ-2 ಸೋವಿಯತ್ ಒಕ್ಕೂಟದ ಎರಡನೆಯ ಮಹಾಯುದ್ಧದ ಕಾಲದ ಮುಖ್ಯ ಡೈವ್ ಬಾಂಬರ್, ಅಂದರೆ ಗುರಿಯ ಕಡೆಗೆ ಕಡಿದಾಗಿ ಧುಮುಕುತ್ತ ಬಾಂಬು ಹಾಕುವ ವಿಮಾನ. 11,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಅವುಗಳಲ್ಲಿ ಬಹುಪಾಲು ಕಜಾನಿನ 22ನೆಯ ಸಂಖ್ಯೆಯ ಕಾರ್ಖಾನೆಯಿಂದ ಬಂದವು. ಆ ಕಾರ್ಖಾನೆಯೇ 1941ರ ಕೊನೆಯಲ್ಲಿ, ಜರ್ಮನ್ ಸೇನೆ ಮಾಸ್ಕೋವನ್ನು ಸಮೀಪಿಸಿದಾಗ, ಅಲ್ಲಿನ ಫಿಲಿಯಿಂದ ಕಿತ್ತು ಕಜಾನಿಗೆ ಸಾಗಿಸಲ್ಪಟ್ಟದ್ದು. ವಿನ್ಯಾಸಕಾರ ವ್ಲಾದಿಮಿರ್ ಪೆಟ್ಲ್ಯಾಕೋವ್ 1937ರಲ್ಲಿ ಬಂಧನಕ್ಕೊಳಗಾಗಿ, ಟುಪೊಲೆವ್ ಮೊದಲಾದ ಎಂಜಿನಿಯರುಗಳನ್ನು ಕೂಡಿಹಾಕಿದ್ದ ಸೆರೆಮನೆಯ ವಿನ್ಯಾಸ ಕಚೇರಿಯಲ್ಲಿ, ಕೈದಿಯಾಗಿಯೇ ಈ ವಿಮಾನವನ್ನು ರೂಪಿಸಿದ. ಮೊದಲು ಅದು ಬಾಂಬರ್ ಆಗಿರಲಿಲ್ಲ. ಎತ್ತರದಲ್ಲಿ ಹಾರುವ ಎರಡು ಎಂಜಿನ್ನಿನ ಫೈಟರ್ ಆಗಿತ್ತು. 1939ರ ಡಿಸೆಂಬರ್ 22ರಂದು ಮೊದಲ ಬಾರಿ ಹಾರಿತು. 1940ರ ಮೇ ದಿನದ ಮೆರವಣಿಗೆಯಲ್ಲಿ ಜನರಿಗೆ ಕಾಣಿಸಿಕೊಂಡಿತು. ಆಮೇಲೆ ಅದನ್ನು ಡೈವ್ ಬಾಂಬರ್ ಆಗಿ ಮಾರ್ಪಡಿಸಬೇಕೆಂಬ ಆಜ್ಞೆ ಬಂದು, ಒಂದೂವರೆ ತಿಂಗಳಲ್ಲಿ ಆ ಕೆಲಸ ನಡೆಯಿತು. ಪೆಟ್ಲ್ಯಾಕೋವ್ ಬಿಡುಗಡೆಯಾದ, ಬಹುಮಾನವನ್ನೂ ಪಡೆದ, ಮತ್ತು 1942ರ ಜನವರಿ 12ರಂದು ಕಜಾನಿನಿಂದ ಮಾಸ್ಕೋಗೆ ಹೋಗುತ್ತಿದ್ದಾಗ ತಾನೇ ರೂಪಿಸಿದ ಪೆ-2 ವಿಮಾನ ಉರುಳಿ ಸತ್ತ.

ಈ ಇತಿಹಾಸ ಮಾದರಿ ಕಟ್ಟುವವನಿಗೆ ಏಕೆ ಬೇಕು ಎಂದರೆ, ಪೆಟ್ಟಿಗೆ ತೆರೆದ ಕೂಡಲೇ ಕಾಣುವ ಆಕಾರಕ್ಕೆ ಅದೇ ಕಾರಣ. ಫೈಟರ್ ಆಗಿ ಹುಟ್ಟಿದ್ದರಿಂದ ಒಡಲು ಬಹಳ ಸಪೂರ, ಬಾಂಬು ಇಡುವ ಜಾಗ ಕಡಿಮೆ. ಒಡಲಿನೊಳಗೆ 100 ಕಿಲೋಗ್ರಾಂನ ನಾಲ್ಕು ಬಾಂಬುಗಳು, ಪ್ರತಿ ಎಂಜಿನ್ ಗೂಡಿನ ಹಿಂಭಾಗದಲ್ಲಿ ಒಂದೊಂದು, ಉಳಿದದ್ದೆಲ್ಲ ಹೊರಗೆ ನೇತಾಡಬೇಕು. ಡೈವ್ ಮಾಡುವಾಗ ಒಳಗಿನ ಬಾಂಬುಗಳನ್ನು ಬಿಡುವಂತೆಯೂ ಇರಲಿಲ್ಲ. ಹೊರಗಿನವನ್ನು ಮಾತ್ರ ಬಿಡಬಹುದಾಗಿತ್ತು. ಆದ್ದರಿಂದ ರೆಕ್ಕೆಗಳ ಕೆಳಗಿನ ಜಾಲರಿಯಂಥ ಡೈವ್ ಬ್ರೇಕುಗಳನ್ನು, ಅಂದರೆ ಧುಮುಕುವಾಗ ವೇಗ ತಗ್ಗಿಸುವ ಭಾಗಗಳನ್ನು, ತೆರೆದು ತೋರಿಸುವವರು ಹೊರಗಿನ ಬಾಂಬುಗಳನ್ನೂ ಅಂಟಿಸಬೇಕು. ಅನೇಕ ರೆಜಿಮೆಂಟುಗಳು ಡೈವ್ ಮಾಡದೆ ಸಮತಟ್ಟಾಗಿ ಹಾರುತ್ತಲೇ ಬಾಂಬು ಹಾಕುತ್ತಿದ್ದವು. ಇವಾನ್ ಪೋಲ್ಬಿನ್‌ನಂಥ ಕಮಾಂಡರುಗಳು ಡೈವ್ ಬಾಂಬಿಂಗನ್ನು ಪಟ್ಟುಹಿಡಿದು ರೂಢಿಗೆ ತಂದರು. ನಾನು ಬ್ರೇಕುಗಳನ್ನು ಮುಚ್ಚಿಯೇ ಅಂಟಿಸಿದೆ. ನೆಲದ ಮೇಲೆ ನಿಂತ ವಿಮಾನಕ್ಕೆ ಅವು ತೆರೆದಿರಬೇಕಾದ ಅಗತ್ಯವಿಲ್ಲ, ಮತ್ತು ಆ ತೆಳುವಾದ ಜಾಲರಿಗಳು ಒರೆಸುವ ಬಟ್ಟೆಗೆ ಸಿಕ್ಕಿ ಮುರಿಯುವುದನ್ನು ಬೇರೆಯವರ ಮಾದರಿಗಳಲ್ಲಿ ನೋಡಿದ್ದೇನೆ.

ನಾನು ಆರಿಸಿಕೊಂಡದ್ದು ರಷ್ಯಾದ ಜ್ವೆಜ್ದಾ ಕಂಪನಿಯ 1/48 ಅಳತೆಯ ಕಿಟ್. ನಿಜವಾದ ವಿಮಾನದ ರೆಕ್ಕೆಗಳ ಅಗಲ 17 ಮೀಟರಿಗಿಂತ ಸ್ವಲ್ಪ ಹೆಚ್ಚು, ಉದ್ದ ಸುಮಾರು 12.7 ಮೀಟರ್, ಈ ಅಳತೆಯಲ್ಲಿ ಅದು ಸುಮಾರು 36 ಸೆಂಟಿಮೀಟರ್ ಅಗಲ, 26 ಸೆಂಟಿಮೀಟರ್ ಉದ್ದ ಆಗುತ್ತದೆ. ಮೇಜಿನ ಮೇಲೆ ಹಿಡಿಸುವ, ಆದರೆ ಕಪಾಟಿನಲ್ಲಿ ಪಕ್ಕದವರನ್ನು ತಳ್ಳಬೇಕಾಗುವ ಗಾತ್ರ. ತರಿಸಿಕೊಳ್ಳುವಾಗ ಕಟ್ಟಬೇಕಾದ ಸುಂಕದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಈ ಹವ್ಯಾಸದವರಿಗೆ ಅದು ಗೊತ್ತು, ಹೊರಗಿನವರಿಗೆ ಹೇಳಿದರೆ ಅವರು ನಮ್ಮ ಬುದ್ಧಿಯ ಬಗ್ಗೆ ಸಂಶಯಪಡುತ್ತಾರೆ.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಾಕ್‌ಪಿಟ್ಟಿನ ಒಳಗೆ ಬೂದು ಬಣ್ಣ ಹೊಡೆದು, ಸೀಟು, ಉಪಕರಣಗಳ ಫಲಕ, ನ್ಯಾವಿಗೇಟರ್‌ನ ಮೆಷಿನ್ ಗನ್ ಇವನ್ನೆಲ್ಲ ಒಡಲು ಮುಚ್ಚುವ ಮೊದಲೇ ಮುಗಿಸಬೇಕು. ಮೂತಿಯ ಕೆಳಭಾಗ ಗಾಜಿನದು. ಗುರಿ ನೋಡಲು ಅಲ್ಲಿ ಕಿಟಕಿಗಳಿವೆ. ಆ ಗಾಜುಗಳಿಂದ ಒಳಗಿನ ನೆಲ ಕಾಣುವುದರಿಂದ ಅದನ್ನೂ ಅಲಕ್ಷಿಸುವಂತಿಲ್ಲ. ಜಾಗ್ರತೆ ಬೇಕಾದದ್ದು ಬಾಲದಲ್ಲಿ: ಅಡ್ಡರೆಕ್ಕೆಯ ಎರಡು ಭಾಗಗಳೂ ಮೇಲ್ಮುಖವಾಗಿ ಬಾಗಿವೆ, ಅವುಗಳ ತುದಿಯಲ್ಲಿ ಎರಡು ನೆಟ್ಟನೆಯ ಫಿನ್‌ಗಳಿವೆ, ಮತ್ತು ಎಡಬಲಗಳ ಕೋನದಲ್ಲಿ ಒಂದು ಡಿಗ್ರಿಯ ವ್ಯತ್ಯಾಸ ಬಂದರೂ ಹಿಂದಿನಿಂದ ನೋಡುವವನ ಕಣ್ಣಿಗೆ ಅದು ತಪ್ಪದೆ ಬೀಳುತ್ತದೆ. ದಪ್ಪ ರಟ್ಟಿನಲ್ಲಿ ಕೋನ ಕತ್ತರಿಸಿ ಕೆಳಗೆ ಆಸರೆ ಕೊಟ್ಟು, ಅಂಟು ಪೂರ್ತಿ ಒಣಗುವವರೆಗೆ ಅದನ್ನು ಹಾಗೆಯೇ ಬಿಟ್ಟೆ. ಇನ್ನು ಎಂಜಿನ್ನಿನ ರೇಡಿಯೇಟರುಗಳು ರೆಕ್ಕೆಯ ಒಳಗಿವೆ. ಗಾಳಿ ರೆಕ್ಕೆಯ ಮುಂಬದಿಯ ಅಂಚಿನಿಂದ ಒಳಹೊಕ್ಕು ಮೇಲ್ಮೈಯಲ್ಲಿರುವ ಮುಚ್ಚಳಗಳಿಂದ ಹೊರಬರುತ್ತದೆ. ಕೀಲುಗಳನ್ನು ತುಂಬಿ ಎಮರಿ ಕಾಗದದಲ್ಲಿ ಉಜ್ಜುವಾಗ ಆ ಮುಚ್ಚಳಗಳ ತೆಳು ಅಂಚು ಕರಗಿಹೋಗದಂತೆ ಟೇಪು ಅಂಟಿಸಿಕೊಳ್ಳುವುದು ಒಳ್ಳೆಯದು.

ನನಗೆ ಬೇಕಾಗಿದ್ದದ್ದು 1942–43ರ ಚಳಿಗಾಲದ, ಹಿಮದ ನಡುವೆ ಕಣ್ಣಿಗೆ ಬೀಳದಂತೆ ಬಿಳಿ ಬಳಿದ ವಿಮಾನ. ಆ ಚಳಿಗಾಲದಲ್ಲಿಯೇ ಮರೀನಾ ರಾಸ್ಕೋವಾ ಕಟ್ಟಿದ ಮಹಿಳೆಯರ 587ನೆಯ ಬಾಂಬರ್ ರೆಜಿಮೆಂಟು ಪೆ-2 ವಿಮಾನಗಳೊಂದಿಗೆ ಸ್ಟಾಲಿನ್‌ಗ್ರಾಡ್ ಕಡೆಗೆ ಹೊರಟದ್ದು. 1943ರ ಜನವರಿ 4ರಂದು ರಾಸ್ಕೋವಾ ಆ ದಾರಿಯಲ್ಲಿಯೇ, ಸರಾತೋವ್ ಸಮೀಪ, ಕೆಟ್ಟ ಹವೆಯಲ್ಲಿ ವಿಮಾನ ನೆಲಕ್ಕಪ್ಪಳಿಸಿ ತೀರಿಕೊಂಡಳು. ಆ ರೆಜಿಮೆಂಟು ಮುಂದೆ ವಲೆಂತಿನ್ ಮಾರ್ಕೋವ್‌ನ ಮುಂದಾಳುತನದಲ್ಲಿ ಯುದ್ಧ ಮಾಡಿ, 125ನೆಯ ಗಾರ್ಡ್ಸ್ ರೆಜಿಮೆಂಟ್ ಎಂಬ ಗೌರವ ಪಡೆಯಿತು. ಪೆ-2 ಹಾರಿಸುವುದು ಸುಲಭವಾಗಿರಲಿಲ್ಲ. ಭಾರ ಹೊತ್ತ ವಿಮಾನ ಮೇಲೇಳುವಾಗ ಪೈಲಟ್‌ಳ ತೋಳಿನ ಬಲ ಸಾಲದೆ ನ್ಯಾವಿಗೇಟರ್ ಕೂಡ ಹಿಂದಿನಿಂದ ನೆರವಾಗಬೇಕಾಗುತ್ತಿತ್ತು ಎಂಬುದು ಆ ರೆಜಿಮೆಂಟಿನವರ ನೆನಪುಗಳಲ್ಲಿ ಬರುವ ಮಾತು. ನನ್ನ ಮಾದರಿ ಅವರ ಯಾವುದೋ ನಿರ್ದಿಷ್ಟ ವಿಮಾನ ಎಂದು ಹೇಳಿಕೊಳ್ಳುವುದಿಲ್ಲ. ಕೆಂಪು ನಕ್ಷತ್ರ, ಒಂದು ಸಂಖ್ಯೆ, ಸವೆಯುತ್ತಿರುವ ಬಿಳಿ ಬಣ್ಣ, ಇಷ್ಟೇ ಇರುವ ಆ ಕಾಲದ ಸಾಧಾರಣ ವಿಮಾನ ಅದು. 1943ರಲ್ಲಿ ರೂಢಿಗೆ ಬಂದ ಬಿಳಿ ಅಂಚಿನ ನಕ್ಷತ್ರಗಳನ್ನು ಬಳಸದೆ ಅಂಚಿಲ್ಲದ ನಕ್ಷತ್ರಗಳನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ.

ಬಿಳಿಯ ಅಡಿಯಲ್ಲಿರುವ ಬಣ್ಣದ ವಿಚಾರಕ್ಕೆ ಬರೋಣ. ಯುದ್ಧ ಶುರುವಾದ ಕಾಲಕ್ಕೆ ಸೋವಿಯತ್ ವಿಮಾನಗಳ ಮೇಲ್ಭಾಗಕ್ಕೆ ಹಸಿರು ಮತ್ತು ಕಪ್ಪು ಪಟ್ಟೆಗಳು, ಕೆಳಭಾಗಕ್ಕೆ ತಿಳಿನೀಲಿ ಎಂಬ ನಿಯಮ ಬಂದಿತ್ತು. ಮರ ಮತ್ತು ಬಟ್ಟೆಯ ಮೇಲೆ ಹೊಡೆಯುವ ಬಣ್ಣಗಳಿಗೆ ಎಎಂಟಿ-4, ಎಎಂಟಿ-6, ಎಎಂಟಿ-7 ಎಂಬ ಹೆಸರುಗಳಿದ್ದರೆ, ಲೋಹದ ಮೇಲೆ ಹೊಡೆಯುವ ಎಣ್ಣೆಯ ಬಣ್ಣಗಳಿಗೆ ಎ-24ಎಂ, ಎ-26ಎಂ, ಎ-28ಎಂ ಎಂಬ ಹೆಸರುಗಳಿದ್ದವು. ಪೆ-2 ಲೋಹದ ವಿಮಾನ. ಆದರೆ ವಿಮಾನವನ್ನು ತಿರುಗಿಸಲು, ಏರಿಸಿ ಇಳಿಸಲು ಬಾಲ ಮತ್ತು ರೆಕ್ಕೆಗಳಲ್ಲಿರುವ ಚಲಿಸುವ ಭಾಗಗಳಾದ ರಡ್ಡರ್, ಎಲಿವೇಟರ್ ಮತ್ತು ಐಲರಾನ್‌ಗಳ ಲೋಹದ ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದಿರುತ್ತಿದ್ದರು. ಹೀಗಾಗಿ ಒಂದೇ ವಿಮಾನದ ಮೇಲೆ ಎರಡು ಬಗೆಯ ಬಣ್ಣಗಳು ಪಕ್ಕಪಕ್ಕದಲ್ಲಿ ಇದ್ದವು, ಮತ್ತು ಅವೆರಡೂ ಬಿಸಿಲಿಗೆ, ಉಜ್ಜುವಿಕೆಗೆ ಒಂದೇ ರೀತಿ ಪ್ರತಿಕ್ರಿಯಿಸಬೇಕಾಗಿಲ್ಲ. ನಾನು ಬಟ್ಟೆಯ ಭಾಗಗಳ ಹಸಿರಿಗೆ ಒಂದು ಹನಿ ತಿಳಿಹಳದಿ ಬೆರೆಸಿ ಬೇರೆ ಮಾಡಿದೆ. ದೂರದಿಂದ ಗೊತ್ತಾಗದು, ಗೊತ್ತಾಗಬಾರದು ಕೂಡ. ಹತ್ತಿರ ಬಂದಾಗ ಮಾತ್ರ ಬಾಲದ ಆ ಭಾಗ ಬೇರೆ ವಸ್ತುವಿನದು ಎಂಬ ಭಾವನೆ ಬರುತ್ತದೆ.

ಇದೇ ಕಾರಣದಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಬಟ್ಟೆ ಹೊದಿಸಿದ ಭಾಗಗಳ ಮೇಲೆ ಬೆಳ್ಳಿ ಬಣ್ಣದ ಚುಕ್ಕೆಗಳನ್ನು ಇಡಬಾರದು. ಬಣ್ಣ ಎದ್ದುಹೋದರೆ ಅಲ್ಲಿ ಕಾಣುವುದು ಬಟ್ಟೆ, ಅಲ್ಯೂಮಿನಿಯಂ ಅಲ್ಲ. ಬಹುಮಾನ ಪಡೆದ ಮಾದರಿಗಳಲ್ಲಿಯೂ ರಡ್ಡರಿನ ತುದಿ ಮಿರಮಿರನೆ ಹೊಳೆಯುವುದನ್ನು ಕಂಡಿದ್ದೇನೆ. ಲೋಹದ ಭಾಗಗಳಲ್ಲಿಯೂ ಬಣ್ಣದ ಕೆಳಗೆ ಹಳದಿ ಛಾಯೆಯ ಪ್ರೈಮರ್ ಇರುತ್ತಿತ್ತು. ಮೇಲಿನ ಪದರ ಹೋದಾಗ ಮೊದಲು ಇಣುಕಬೇಕಾದದ್ದು ಅದು. ಹೊಳೆಯುವ ಲೋಹ ಕಾಣಬೇಕಾದರೆ ಬಲವಾದ ಗೀರು ಬೀಳಬೇಕು, ಇಲ್ಲವೇ ಪದೇ ಪದೇ ಸ್ಪ್ಯಾನರ್ ತಾಗಬೇಕು. ಅಳತೆಯನ್ನೂ ಮರೆಯಬಾರದು: 1/48ರಲ್ಲಿ ಒಂದು ಮಿಲಿಮೀಟರಿನ ಚುಕ್ಕೆ ಎಂದರೆ ನಿಜವಾದ ವಿಮಾನದಲ್ಲಿ ಸುಮಾರು ಐದು ಸೆಂಟಿಮೀಟರಿನ ಹಾನಿ. ಸ್ಪಂಜಿನಿಂದ ಒತ್ತಿದ ಸಾಧಾರಣ ಚುಕ್ಕೆಗಳೆಲ್ಲ ಈ ಲೆಕ್ಕದಲ್ಲಿ ಅಂಗೈಯಗಲದ ಗಾಯಗಳಾಗುತ್ತವೆ. ಹಾಗಾಗಿ ನಾನು ಸ್ಪಂಜನ್ನು ಬಿಟ್ಟು ಅತಿ ಸಣ್ಣ ಕುಂಚದ ತುದಿಯಿಂದ, ಅದೂ ಎಂಜಿನ್ ಗೂಡುಗಳ ಸುತ್ತ ಮಾತ್ರ, ಮೊದಲು ಮಂಕು ಹಳದಿ, ಅದರ ನಡುವೆ ಎಲ್ಲೋ ಒಂದೆರಡು ಕಡೆ ಲೋಹದ ಬಣ್ಣ ಇಟ್ಟೆ.

ಬಣ್ಣದ ಬಾಟಲಿಗಳ ಬಗ್ಗೆಯೂ ಒಂದು ಮಾತು. ಎಎಂಟಿ-4 ಎಂದು ಹೆಸರಿಟ್ಟ ಬಾಟಲಿಗಳನ್ನು ಮೂರು ಕಂಪನಿಗಳಿಂದ ಕೊಂಡರೆ ಮೂರು ಹಸಿರುಗಳು ಸಿಗುತ್ತವೆ. ಯಾವುದು ಸರಿ ಎಂಬ ಜಗಳ ನನಗೆ ಬೇಡ. ಬಿಳಿಯ ಅಡಿಯಿಂದ ತುಣುಕು ತುಣುಕಾಗಿ ಕಾಣುವ ಹಸಿರು ಸ್ವಲ್ಪ ತಿಳಿಯಾಗಿದ್ದರೆ ಚಿಕ್ಕ ಅಳತೆಯಲ್ಲಿ ಕಣ್ಣಿಗೆ ಒಪ್ಪುತ್ತದೆ ಎಂಬಷ್ಟು ಸಾಕು. ಕಪ್ಪನ್ನು ಮಾತ್ರ ಎಂದೂ ಶುದ್ಧ ಕಪ್ಪಾಗಿ ಬಳಸಬಾರದು. ಬೂದು ಬೆರೆಸದಿದ್ದರೆ ಆ ಪಟ್ಟೆಗಳು ವಿಮಾನದಲ್ಲಿ ತೂತು ಬಿದ್ದಂತೆ ಕಾಣುತ್ತವೆ.

ಚಳಿಗಾಲದ ಬಿಳಿ ಬಣ್ಣ ಕಾಯಂ ಬಣ್ಣವಲ್ಲ. ಎಂಕೆ-7 ಎಂಬ, ತೊಳೆದು ತೆಗೆಯಬಹುದಾದ ತಾತ್ಕಾಲಿಕ ಬಣ್ಣ ಅದು. ಹಿಮ ಬೀಳುವಾಗ ಬಳಿದು ಹಿಮ ಕರಗುವಾಗ ತೆಗೆಯುವಂಥದ್ದು. ಒರಟಾದ ಮೇಲ್ಮೈಯಿಂದ ವಿಮಾನದ ವೇಗ ಕುಗ್ಗುತ್ತದೆಂದು ಪೈಲಟ್‌ಗಳಿಗೆ ಅದರ ಮೇಲೆ ಪ್ರೀತಿ ಇರಲಿಲ್ಲ. ಇದು ಕಾರ್ಖಾನೆಯ ನಯವಾದ ಲೇಪನವಲ್ಲವಾದ್ದರಿಂದ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನಿಂದ ಒಂದೇ ಸಮನೆ ಹೊಡೆದರೆ ಅದರ ಗುಣವೇ ಹೋಗುತ್ತದೆ. ಅಗಲ ಕುಂಚದಿಂದ ಬಳಿದ ಗೆರೆಗಳು ಕಾಣಬೇಕು. ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು ಇರಬೇಕು. ನಕ್ಷತ್ರ ಮತ್ತು ಸಂಖ್ಯೆಗಳ ಸುತ್ತ ಬಳಿಯುವಾಗ ಅವುಗಳ ಮೇಲೆ ಬಣ್ಣ ಬೀಳದಂತೆ ಒಂದಿಷ್ಟು ಜಾಗ ಬಿಟ್ಟಿರುವುದರಿಂದ, ಅವುಗಳ ಸುತ್ತ ಹಸಿರಿನ ಓರೆಕೋರೆಯ ಅಂಚು ಉಳಿಯುವುದನ್ನು ಅಂದಿನ ಚಿತ್ರಗಳಲ್ಲಿ ಕಾಣಬಹುದು. ಹಬ್ಬಕ್ಕೆ ಸುಣ್ಣ ಬಳಿದ ಮನೆಯಲ್ಲಿ ಸ್ವಿಚ್ಚಿನ ಸುತ್ತ, ಕಿಟಕಿಯ ಚೌಕಟ್ಟಿನ ಸುತ್ತ ಹಳೆಯ ಬಣ್ಣ ಉಳಿಯುವುದೂ, ಬೆನ್ನು ಒರಗುವ ಕಡೆ ಸುಣ್ಣ ಮೊದಲು ಹೋಗುವುದೂ ನಮಗೆ ಗೊತ್ತಿರುವ ಸಂಗತಿ; ಇದರ ಹಿಂದಿನ ತರ್ಕವೂ ಅದೇ.

ನನ್ನ ವಿಧಾನ ಹೀಗಿತ್ತು. ಹಸಿರು, ಕಪ್ಪು, ನೀಲಿ ಮುಗಿದು ಡಿಕಾಲ್‌ಗಳನ್ನು, ಅಂದರೆ ನಕ್ಷತ್ರ ಮತ್ತು ಸಂಖ್ಯೆಯ ತೆಳು ಅಚ್ಚುಚಿತ್ರಗಳನ್ನು, ಅಂಟಿಸಿದ ಮೇಲೆ ಗಟ್ಟಿಯಾದ ವಾರ್ನಿಷ್ಷಿನ ಪದರ ಹೊಡೆದು ಒಣಗಲು ಬಿಟ್ಟೆ. ಅದರ ಮೇಲೆ ಹೇರ್‌ಸ್ಪ್ರೇಯ ಎರಡು ತೆಳು ಪದರಗಳು. ಅಂಗಡಿಯಲ್ಲಿ ಸಿಗುವ ಅಗ್ಗದ ಹೇರ್‌ಸ್ಪ್ರೇ ಸಾಕು, ಆದರೆ ಅದನ್ನು ಏರ್‌ಬ್ರಷ್ಷಿನ ಬಟ್ಟಲಿಗೆ ಸುರಿದು ಹೊಡೆದರೆ ಹನಿಗಳು ಸಣ್ಣದಾಗುತ್ತವೆ. ಅದರ ಮೇಲೆ ನೀರಿನಲ್ಲಿ ತೆಳುಗೊಳಿಸಿದ ಅಕ್ರಿಲಿಕ್ ಬಿಳಿಯನ್ನು, ಒಂದಿಷ್ಟು ಬೂದು ಮತ್ತು ಒಂದಿಷ್ಟು ಕಂದು ಬೆರೆಸಿ, ಚಪ್ಪಟೆ ಕುಂಚದಿಂದ ಬಳಿದೆ. ಥಿನ್ನರ್‌ನಲ್ಲಿ ತೆಳುಗೊಳಿಸಿದ ಬಣ್ಣ ಕೆಳಗಿನ ಪದರವನ್ನು ಕಚ್ಚಿ ಹಿಡಿಯುತ್ತದೆ. ನೀರಿನದು ಹಾಗಲ್ಲ, ಆಮೇಲೆ ಒದ್ದೆ ಕುಂಚಕ್ಕೆ ಬೇಗ ಬಿಟ್ಟುಕೊಡುತ್ತದೆ. ಬಣ್ಣ ಮುಟ್ಟಲು ಒಣಗಿದಂತಾದಾಗ, ಪೂರ್ತಿ ಗಟ್ಟಿಯಾಗುವ ಮೊದಲು, ಸ್ವಲ್ಪ ಭಾಗವನ್ನು ನೀರಿನಲ್ಲಿ ನೆನೆಸಿ ಬಿರುಸು ಕುಂಚದಿಂದ ಉಜ್ಜಬೇಕು. ನೀರು ಬಿಳಿಯನ್ನು ದಾಟಿ ಹೇರ್‌ಸ್ಪ್ರೇಯನ್ನು ಕರಗಿಸುತ್ತದೆ. ಅದರ ಜೊತೆ ಬಿಳಿಯೂ ಚಕ್ಕೆಗಳಾಗಿ ಏಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಒಣಗುವ ವೇಗ ನಂಬುವಂಥದ್ದಲ್ಲವಾದ್ದರಿಂದ ಇಡೀ ವಿಮಾನವನ್ನು ಒಟ್ಟಿಗೆ ಬಳಿಯದೆ, ಒಂದು ರೆಕ್ಕೆಯನ್ನು ಬಳಿದು, ಅದನ್ನು ಸವೆಸಿ, ಆಮೇಲೆ ಇನ್ನೊಂದಕ್ಕೆ ಹೋದೆ.

ಎಲ್ಲಿ ಸವೆಸಬೇಕು ಎಂಬುದು ಈಗ ಮುಖ್ಯ. ಫೈಟರ್‌ಗಳ ಮಾದರಿಗಳಲ್ಲಿ ರೆಕ್ಕೆಯು ಒಡಲಿಗೆ ಸೇರುವ ಜಾಗದಲ್ಲಿ ಬಣ್ಣ ಎದ್ದುಹೋಗಿರುವಂತೆ ತೋರಿಸುವುದು ವಾಡಿಕೆ, ಏಕೆಂದರೆ ಪೈಲಟ್ ಅಲ್ಲಿ ಕಾಲಿಟ್ಟು ಹತ್ತುತ್ತಾನೆ. ಪೆ-2ರಲ್ಲಿ ಪೈಲಟ್ ಮತ್ತು ನ್ಯಾವಿಗೇಟರ್ ಕಾಕ್‌ಪಿಟ್ಟಿನ ಅಡಿಯಲ್ಲಿರುವ ಬಾಗಿಲಿನಿಂದ ಒಳಗೆ ಏರುತ್ತಿದ್ದರು. ಕೆಳಕ್ಕೆ ತೆರೆದುಕೊಳ್ಳುವ ಆ ಬಾಗಿಲೇ ಮೆಟ್ಟಿಲು. ಆದ್ದರಿಂದ ಅವರ ಬೂಟಿನ ಗುರುತುಗಳು ರೆಕ್ಕೆಯ ಮೇಲೆ ಇರಬೇಕಾದ ಕಾರಣವಿಲ್ಲ. ಆ ಬಾಗಿಲಿನ ಒಳಮೈ ಮತ್ತು ಅದರ ಸುತ್ತಲಿನ ನೀಲಿ ಬಣ್ಣ ಕೊಳೆಯಾಗಿರಬೇಕು. ರೆಕ್ಕೆಯ ಮೇಲೆ ಓಡಾಡುತ್ತಿದ್ದವರು ಮೆಕ್ಯಾನಿಕ್‌ಗಳು. ಅವರಿಗೆ ಅಲ್ಲಿ ಎರಡು ಕೆಲಸಗಳು: ಪೆಟ್ರೋಲು ತುಂಬಿಸುವುದು ಮತ್ತು ಎಂಜಿನ್ ನೋಡಿಕೊಳ್ಳುವುದು. ಅಂದರೆ ಒಡಲು ಮತ್ತು ಎಂಜಿನ್ ಗೂಡಿನ ನಡುವಿನ ರೆಕ್ಕೆಯ ಭಾಗ ಚೆನ್ನಾಗಿ ತುಳಿತಕ್ಕೊಳಗಾಗಿರಬೇಕು, ಗೂಡಿನಿಂದ ಹೊರಗಿನ ಭಾಗ ಬಹುಮಟ್ಟಿಗೆ ಬಿಳಿಯಾಗಿಯೇ ಉಳಿದಿರಬೇಕು, ತುದಿಯನ್ನು ಗಾಳಿ ಬಿಟ್ಟರೆ ಯಾರೂ ಮುಟ್ಟಿರಬಾರದು. ಈ ಒಂದು ತೀರ್ಮಾನದಿಂದ ರೆಕ್ಕೆಯ ಮೇಲಿನ ಚಿತ್ರವೇ ಬದಲಾಯಿತು: ನಡುವೆ ಹಸಿರು ಹೆಚ್ಚು, ಹೊರಕ್ಕೆ ಹೋದಂತೆ ಬಿಳಿ ಹೆಚ್ಚು.

ಎಂಜಿನ್ ಗೂಡುಗಳಲ್ಲಿ ಬಿಳಿ ಎಲ್ಲಕ್ಕಿಂತ ಬೇಗ ಹೋಗಿರಬೇಕು. ಪೆ-2ರ ಕ್ಲಿಮೋವ್ ಎಂ-105 ಎಂಜಿನ್ನು ಫ್ರಾನ್ಸಿನ ಹಿಸ್ಪಾನೋ-ಸೂಯಿಜಾ ವಿನ್ಯಾಸದಿಂದ ಬೆಳೆದ, ನೀರಿನಿಂದ ತಂಪಾಗುವ 12 ಸಿಲಿಂಡರಿನ ಎಂಜಿನ್. ರಷ್ಯಾದ ಚಳಿಯಲ್ಲಿ ಅದನ್ನು ಹಾಗೆಯೇ ಬಿಟ್ಟರೆ ಬೆಳಿಗ್ಗೆ ಚಾಲೂ ಆಗುವುದಿಲ್ಲ. ರಾತ್ರಿ ಬಿಸಿ ಎಣ್ಣೆಯನ್ನು ಇಳಿಸಿ, ಬೆಳಿಗ್ಗೆ ಕಾಯಿಸಿ ಮತ್ತೆ ತುಂಬುವುದು, ಗೂಡುಗಳಿಗೆ ದಪ್ಪ ಹೊದಿಕೆ ಹೊದಿಸಿ ಅಡಿಯಿಂದ ಬಿಸಿ ಗಾಳಿ ಕೊಡುವುದು, ಇವೆಲ್ಲ ಮೆಕ್ಯಾನಿಕ್‌ಗಳ ದಿನನಿತ್ಯದ ಕೆಲಸಗಳಾಗಿದ್ದವು. ಹೊದಿಕೆ ಹಾಕುವಾಗ ತೆಗೆಯುವಾಗ ಅದು ತಗಡನ್ನು ಉಜ್ಜುತ್ತದೆ. ಎಣ್ಣೆ ಹತ್ತಿದ ಕೈಗಳು ಅದೇ ಅಂಚುಗಳನ್ನು ಹಿಡಿಯುತ್ತವೆ. ಚೆಲ್ಲಿದ ಎಣ್ಣೆ ಬಿಳಿಯೊಳಗೆ ಇಂಗಿ ಕಂದು ಕಲೆಯಾಗುತ್ತದೆ. ಹೀಗಾಗಿ ಗೂಡುಗಳ ಮೇಲ್ಭಾಗದಲ್ಲಿ ಬಿಳಿಯನ್ನು ಬಹುತೇಕ ಪೂರ್ತಿ ತೆಗೆದು, ತಗಡುಗಳ ಕೀಲುಗಳಲ್ಲಿ ಮಾತ್ರ ಉಳಿಸಿದೆ. ಎಂಜಿನ್ನನ್ನು ಮುಚ್ಚುವ ಒಂದು ಕೌಲಿಂಗ್ ತಗಡನ್ನು ಬೇಕೆಂದೇ ಬಿಳಿಯಿಲ್ಲದ ಹೊಸ ಹಸಿರಿನಲ್ಲಿ ಬಿಟ್ಟೆ. ಬೇರೆ ವಿಮಾನದಿಂದ ತಂದು ಹಾಕಿದ್ದಿರಬಹುದು ಎಂದು ನೋಡುವವರು ಊಹಿಸಿಕೊಳ್ಳಲಿ. ಇಂಥ ಸ್ವಾತಂತ್ರ್ಯವನ್ನು ಒಂದು ಮಾದರಿಯಲ್ಲಿ ಒಮ್ಮೆ ಮಾತ್ರ ತೆಗೆದುಕೊಳ್ಳಬೇಕೆಂಬುದು ನನ್ನ ನಿಯಮ.

ಹೊಗೆಯ ಕಲೆ ಬಿಳಿ ವಿಮಾನದ ಮೇಲೆ ಎದ್ದು ಕಾಣುವುದರಿಂದ ಅದನ್ನು ಅತಿ ಮಾಡುವ ಆಸೆ ಸಹಜ. ವಿ ಆಕಾರದ ಎಂಜಿನ್ ಆದ್ದರಿಂದ ಪ್ರತಿ ಗೂಡಿನ ಎರಡೂ ಪಕ್ಕಗಳಿಂದ ಹೊಗೆ ಬರುತ್ತದೆ. ಒಟ್ಟು ನಾಲ್ಕು ಕಲೆಗಳು, ರೆಕ್ಕೆಯ ಮೇಲೆ ಗೂಡಿಗೆ ಅಂಟಿಕೊಂಡಂತೆ ಹಿಂದಕ್ಕೆ ಹರಿದಿರಬೇಕು. ಮೊದಲು ಬಹಳ ತೆಳುವಾದ ಕಂದು ಬಣ್ಣವನ್ನು ಅಗಲವಾಗಿ, ಆಮೇಲೆ ಅದರ ಒಳಗೆ ಕಪ್ಪು ಬೆರೆತ ಕಂದನ್ನು ಸಪೂರವಾಗಿ, ಕೊನೆಗೆ ಕೊಳವೆಯ ಬಾಯಿಯ ಸಮೀಪ ಮಾತ್ರ ತಿಳಿಬೂದನ್ನು ಹೊಡೆದೆ. ಪ್ರತಿ ಸಲವೂ ಗಾಳಿಯ ದಿಕ್ಕಿನಲ್ಲಿಯೇ ಕೈ ಚಲಿಸಬೇಕು. ಕಲೆ ರೆಕ್ಕೆಯ ಹಿಂಬದಿಯ ಅಂಚನ್ನು ಮುಟ್ಟುವ ಮೊದಲೇ ಮಸುಕಾಗಿ ಮುಗಿಯುವಂತೆ ನೋಡಿಕೊಂಡೆ. ರೇಡಿಯೇಟರಿನ ಬಿಸಿ ಗಾಳಿ ಹೊರಬರುವ ಮುಚ್ಚಳಗಳ ಹಿಂದೆ ಹೊಗೆ ಬಣ್ಣ ಹೊಡೆಯುವವರಿದ್ದಾರೆ; ಅಲ್ಲಿಂದ ಬರುವುದು ಬರೀ ಬಿಸಿ ಗಾಳಿ, ಅದಕ್ಕೆ ಮಸಿಯಿಲ್ಲ. ಅಲ್ಲಿ ಬೇಕಿದ್ದರೆ ಹಿಮ ಕರಗಿ ಹರಿದ ನೀರಿನ ತೆಳು ಗೆರೆ ಇರಲಿ.

ಪ್ಯಾನೆಲ್ ಗೆರೆಗಳ, ಅಂದರೆ ತಗಡು ತಗಡು ಸೇರುವ ಗೆರೆಗಳ ವಿಷಯದಲ್ಲಿ ನಾನು ವಾಡಿಕೆಯನ್ನು ಬಿಟ್ಟೆ. ಗೆರೆಗಳಲ್ಲೆಲ್ಲ ಕಪ್ಪು ವಾಷ್, ಅಂದರೆ ಬಹಳ ನೀರಾಗಿಸಿದ ಬಣ್ಣ, ಹರಿಸಿದರೆ ಬಿಳಿ ವಿಮಾನ ಚೌಕುಳಿ ಹಾಳೆಯಂತೆ ಕಾಣುತ್ತದೆ. ದಪ್ಪವಾಗಿ ಬಳಿದ ಬಿಳಿ ಆ ಗೆರೆಗಳನ್ನು ಮುಚ್ಚಿಯೇ ಬಿಟ್ಟಿರುತ್ತದೆ ಎಂಬುದು ಸಹಜ ತರ್ಕ. ಹಾಗಾಗಿ ಬಿಳಿ ಉಳಿದ ಕಡೆ ಗೆರೆಗಳನ್ನು ಮುಟ್ಟಲಿಲ್ಲ. ಬಿಳಿ ಸವೆದ ಕಡೆ, ಆಗಾಗ ಬಿಚ್ಚುವ ತಗಡುಗಳ ಸುತ್ತ, ಕಂದುಬೂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಗೊಳಿಸಿ ಹರಿಸಿದೆ. ಚಿತ್ರಕಾರರು ಬಳಸುವ ಕ್ಯಾಮ್ಲಿನ್ ಟ್ಯೂಬುಗಳೇ ಇದಕ್ಕೆ ಸಾಕಾಗುತ್ತವೆ. ಬಣ್ಣವನ್ನು ಮೊದಲು ರಟ್ಟಿನ ಮೇಲೆ ಹಿಂಡಿ ಸ್ವಲ್ಪ ಹೊತ್ತು ಬಿಟ್ಟರೆ ಅದರ ಅಗಸೆಯೆಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಬಣ್ಣ ಹೊಳಪಿಲ್ಲದೆ ಬೇಗ ಒಣಗುತ್ತದೆ. ಅದೇ ಬಣ್ಣಗಳ ಸಣ್ಣ ಚುಕ್ಕೆಗಳನ್ನು ರೆಕ್ಕೆಯ ಮೇಲೆ ಅಲ್ಲಲ್ಲಿ ಇಟ್ಟು, ಒದ್ದೆ ಕುಂಚದಿಂದ ಮುಂದಿನಿಂದ ಹಿಂದಕ್ಕೆ ಎಳೆದಾಗ ಬಿಳಿಯ ಏಕತಾನತೆ ಮುರಿಯುತ್ತದೆ. ಒಡಲಿನ ಪಕ್ಕದಲ್ಲಾದರೆ ಮೇಲಿನಿಂದ ಕೆಳಕ್ಕೆ ಎಳೆಯಬೇಕು, ಏಕೆಂದರೆ ನಿಂತ ವಿಮಾನದ ಮೇಲೆ ನೀರು ಇಳಿಯುವುದು ಹಾಗೆ.

ಕೆಸರಿನ ವಿಷಯಕ್ಕೆ ಬಂದಾಗ ಕಾಲಮಾನದ ಪ್ರಶ್ನೆ ಏಳುತ್ತದೆ. ಜನವರಿಯಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ರನ್‌ವೇಯ ಹಿಮವನ್ನು ಉರುಳೆ ಹಾಯಿಸಿ ಗಟ್ಟಿ ಮಾಡಿರುತ್ತಾರೆ. ಕೆಸರು ಎಲ್ಲಿಂದ ಬರಬೇಕು? ಹೊಸದಾಗಿ ಬಳಿದ ಬಿಳಿ ಮತ್ತು ಹಸಿ ಕೆಸರು ಒಂದೇ ಮಾದರಿಯ ಮೇಲೆ ಹೊಂದುವುದಿಲ್ಲ. ಬಿಳಿ ಅರ್ಧ ಹೋಗಿದ್ದರೆ ಅದು ಚಳಿಗಾಲದ ಕೊನೆ, ಆಗ ಹಿಮ ಕರಗಿ ಹುಲ್ಲುಗಾವಲಿನ ವಿಮಾನ ನಿಲ್ದಾಣಗಳು ಕೆಸರಿನ ಮಡುಗಳಾಗುತ್ತಿದ್ದವು. ನನ್ನ ವಿಮಾನ ಆ ಹೊತ್ತಿನದು. ಆದ್ದರಿಂದ ಚಕ್ರಗಳು, ಅವುಗಳ ಹಿಂದಿರುವ ಗೂಡಿನ ಬಾಗಿಲುಗಳು, ರೆಕ್ಕೆಯ ಕೆಳಗಿನ ಫ್ಲಾಪುಗಳು ಮತ್ತು ಬಾಲದ ಚಕ್ರದ ಸುತ್ತ ಪಿಗ್ಮೆಂಟ್ ಪುಡಿಯನ್ನು ಬಳಸಿದೆ. ಪ್ರೊಪೆಲ್ಲರ್‌ಗಳು ಎಸೆದ ನೀರು ಮತ್ತು ಮಣ್ಣು ಹಿಂದಕ್ಕೆ ಹಾರಿ ಬಾಲದ ಅಡ್ಡರೆಕ್ಕೆಗೆ ಬಡಿಯುತ್ತವೆಯಾದ್ದರಿಂದ, ಅದರ ಮುಂಬದಿಯ ಅಂಚು ಮತ್ತು ಕೆಳಮೈಗೆ ಗಟ್ಟಿ ಕುಂಚದಿಂದ ಬಣ್ಣ ಚಿಮ್ಮಿಸಿದೆ. ಮೂತಿಯ ಕೆಳಗಿನ ಗಾಜುಗಳನ್ನು ಶುದ್ಧವಾಗಿ ಇಟ್ಟೆ. ನ್ಯಾವಿಗೇಟರ್‌ಗೆ ಗುರಿ ಕಾಣಬೇಕಾದ ಕಿಟಕಿಯನ್ನು ಹಾರುವ ಮೊದಲು ಯಾರಾದರೂ ಒರೆಸಿರುತ್ತಾರೆ.

ಹಳೆಯ ಚಿತ್ರಗಳನ್ನು ನಂಬುವಾಗಲೂ ಎಚ್ಚರ ಬೇಕು. ಸೋವಿಯತ್ ವಿಮಾನಗಳ ಹತ್ತಿರದ ಚಿತ್ರಗಳಲ್ಲಿ ಬಹಳಷ್ಟು ಜರ್ಮನ್ ಸೈನಿಕರು 1941ರಲ್ಲಿ ತಮ್ಮ ಕೈವಶವಾದ ನಿಲ್ದಾಣಗಳಲ್ಲಿ ತೆಗೆದವು. ಅಲ್ಲಿನ ವಿಮಾನಗಳ ಮೇಲೆ ಕುತೂಹಲಕ್ಕೆ ಹತ್ತಿದವರು, ನೆನಪಿಗೆಂದು ತಗಡು ಕತ್ತರಿಸಿಕೊಂಡವರು, ಸ್ಫೋಟದಿಂದ ಎಸೆದ ಮಣ್ಣು, ವಾರಗಟ್ಟಲೆ ಬಿದ್ದ ಮಳೆ, ಇವೆಲ್ಲದರ ಗುರುತುಗಳಿವೆ. ಅದು ಕೈಬಿಟ್ಟ ವಿಮಾನದ ಹಾಳು, ಹಾರುತ್ತಿದ್ದ ವಿಮಾನದ ಸವೆತವಲ್ಲ. ಜರ್ಮನರಿಂದ ಕೊಂಡ ಪೆ-2ಗಳನ್ನು ಫಿನ್‌ಲ್ಯಾಂಡಿನ ವಾಯುಪಡೆಯೂ ಬಳಸಿತು. ಅವುಗಳ ಚಿತ್ರಗಳು ಸ್ಪಷ್ಟವಾಗಿವೆ, ಆದರೆ ಅಲ್ಲಿನ ಬಣ್ಣಗಳು, ನೆಲದ ಕೆಲಸದ ಪದ್ಧತಿ ಎರಡೂ ಬೇರೆ. ಮಾಸ್ಕೋ ಸಮೀಪದ ಮೊನಿನೋ ಸಂಗ್ರಹಾಲಯದಲ್ಲಿ ಒಂದು ಪೆ-2 ಉಳಿದಿದೆ. ಆಕಾರ, ರಿವೆಟ್, ಬಾಗಿಲುಗಳ ವಿವರಕ್ಕೆ ಅದರ ಚಿತ್ರಗಳು ಅಮೂಲ್ಯ. ಮತ್ತೆ ಮತ್ತೆ ಬಳಿದ ಅದರ ಬಣ್ಣದಿಂದ ಯುದ್ಧಕಾಲದ ಬಣ್ಣವನ್ನು ಊಹಿಸಲು ಮಾತ್ರ ಹೋಗಬಾರದು.

ಕೊನೆಯ ಮಂಕು ವಾರ್ನಿಷ್ಷಿನ ವಿಷಯದಲ್ಲಿ ಒಂದು ಸೂಚನೆ ಇದೆ. ಇಡೀ ವಿಮಾನಕ್ಕೆ ಒಂದೇ ವಾರ್ನಿಷ್ ಹೊಡೆದರೆ ಇಷ್ಟು ಹೊತ್ತು ಮಾಡಿದ ವ್ಯತ್ಯಾಸಗಳೆಲ್ಲ ಒಂದೇ ಪದರದ ಕೆಳಗೆ ಸಮನಾಗಿಬಿಡುತ್ತವೆ. ಬಿಳಿ ಉಳಿದ ಕಡೆ ಪೂರ್ತಿ ಮಂಕು, ಹಸಿರು ಕಾಣುವ ಕಡೆ ಅರ್ಧ ಹೊಳಪು, ಎಣ್ಣೆ ಮತ್ತು ಪೆಟ್ರೋಲು ಚೆಲ್ಲಿದ ಕಡೆ ಕುಂಚದಿಂದ ಇಟ್ಟ ಹೊಳಪು, ಹೀಗೆ ಮೂರು ಬಗೆ ಮಾಡಿದೆ. ಬೆಳಕನ್ನು ಓರೆಯಾಗಿ ಹಿಡಿದಾಗ ಪೆಟ್ರೋಲಿನ ಮುಚ್ಚಳಗಳಿಂದ ಹಿಂದಕ್ಕೆ ಹರಿದ ಗೆರೆಗಳು ಆಗ ಮಾತ್ರ ಕಾಣಿಸಿಕೊಳ್ಳುತ್ತವೆ. ಪಿಗ್ಮೆಂಟನ್ನು ಈ ವಾರ್ನಿಷ್ಷಿನ ನಂತರ ಹಾಕುವುದೇ ಲೇಸು. ಮೊದಲೇ ಹಾಕಿದರೆ ಪುಡಿ ಕಪ್ಪಾಗಿ ಅರ್ಧ ಮಾಯವಾಗುತ್ತದೆ.

ಆಂಟೆನಾ ತಂತಿಯನ್ನು ಹಿಗ್ಗುವ ನೂಲಿನಿಂದ ಕಟ್ಟಿ, ಗಾಜುಗಳ ಮೇಲಿನ ಮಾಸ್ಕಿಂಗ್ ಟೇಪು ತೆಗೆದ ಮೇಲೆ ಕೆಲಸ ಮುಗಿಯಿತು. ಮುಂದೆ ಕಟ್ಟಬೇಕೆಂದಿರುವುದು ಟುಪೊಲೆವ್ ಟು-2. ಅದಕ್ಕೆ 1943ರ ನಂತರದ ಕಂದು, ಗಾಢ ಬೂದು ಮತ್ತು ಹಸಿರಿನ ಮೂರು ಬಣ್ಣಗಳ ವಿನ್ಯಾಸ ಇರುವುದರಿಂದ ಹೇರ್‌ಸ್ಪ್ರೇಯ ಈ ವಿಧಾನ ಅಲ್ಲಿ ಉಪಯೋಗಕ್ಕೆ ಬಾರದು. ಸಿಬ್ಬಂದಿ ಆ ವಿಮಾನವನ್ನು ಎಲ್ಲಿಂದ ಹತ್ತುತ್ತಿದ್ದರು ಎಂಬುದರಿಂದಲೇ ಓದು ಶುರುಮಾಡಬೇಕು.